ಮೇಲೆ ಸಿಕ್ಕಿಕೊಂಡರೆ ಕರೆದುಕೊಂಡು ಬರೋರು ಯಾರು?

ನಮ್ಮದೇ ರಾಕೆಟ್ಟಿನಲ್ಲಿ ಜನರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋ ಯೋಜನೆ ಗಗನಯಾನದ ಮಾತು ಬಂದರೆ ಮೈಸೂರಿನಲ್ಲಿ ಮೊದಲು ಬರುವುದು ಊಟದ ವಿಷಯ. ಅದು ಸಹಜ. ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್, ಅಂದರೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ನಮ್ಮ ಗಗನಯಾತ್ರಿಗಳಿಗೆ ಊಟ ಸಿದ್ಧ ಮಾಡುವ ಜಾಗ. 1984ರಲ್ಲಿ ರಾಕೇಶ್ ಶರ್ಮಾ ಹೋದಾಗಲೂ ಇಲ್ಲಿನ ತಿನಿಸು ಜೊತೆಗೆ ಹೋಗಿತ್ತು. ಊರಿಗೆ ಹೆಮ್ಮೆಯ ವಿಷಯ, ಹೇಳಿಕೊಳ್ಳಲೇಬೇಕು.

ಆದರೆ ಮಾನಸಗಂಗೋತ್ರಿ ಕಡೆ ನಡೆದ ಒಂದು ಸಣ್ಣ ವಿಜ್ಞಾನ ಸಭೆಯಲ್ಲಿ ಮಂಡ್ಯ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು ಬೇರೆಯದೇ ಪ್ರಶ್ನೆ ಕೇಳಿದಳು. "ಸಾರ್, ಊಟ ಕಳಿಸ್ತೀವಿ, ಸರಿ. ಮೇಲೆ ಹೋದ್ಮೇಲೆ ಗಾಡಿ ಕೆಟ್ಟೋದ್ರೆ ಯಾರ್ ಹೋಗಿ ಕರ್ಕೊಂಡ್ ಬತ್ತಾರೆ?" ಕೆಲವರು ನಕ್ಕರು. ಮುಂದೆ ಕೂತಿದ್ದ ನಿವೃತ್ತ ಎಂಜಿನಿಯರ್ ನಗಲಿಲ್ಲ. "ಸದ್ಯಕ್ಕೆ ಯಾರೂ ಬರಲ್ಲ ಕಣಮ್ಮ. ಅವರೇ ಇಳಿದು ಬರಬೇಕು" ಅಂದರು. ಅಲ್ಲಿಂದ ಶುರುವಾದ ವಾದ ಕಾಫಿ ಕುಡಿದು ಮುಗಿಸಿದರೂ ಮುಗಿಯಲಿಲ್ಲ.

ಆ ವಾದವನ್ನು ಬಿಡಿಸಿ ನೋಡುವ ಅಗತ್ಯ ಇದೆ. ನಮ್ಮಲ್ಲಿ ಗಗನಯಾನದ ಸುರಕ್ಷತೆ ಅಂದರೆ ಎಲ್ಲರೂ ಮಾತಾಡುವುದು ರಾಕೆಟ್ಟಿನ ತುದಿಯಲ್ಲಿರುವ ಕ್ರೂ ಎಸ್ಕೇಪ್ ಸಿಸ್ಟಮ್, ಅಂದರೆ ಯಾತ್ರಿಗಳನ್ನು ರಾಕೆಟ್ಟಿನಿಂದ ಬಿಡಿಸಿ ಪಾರು ಮಾಡುವ ವ್ಯವಸ್ಥೆಯ ಬಗ್ಗೆ. ಅದು ಕಾಯುವುದು ಹೊರಟ ಮೊದಲ ಕೆಲವು ನಿಮಿಷ ಮಾತ್ರ. ಆಮೇಲೆ ಕಕ್ಷೆಯಲ್ಲಿ ಕಳೆಯುವ ದಿನಗಳಿವೆ. ಸಮುದ್ರಕ್ಕೆ ಇಳಿದ ಮೇಲಿನ ಗಂಟೆಗಳಿವೆ. ಅವುಗಳ ಬಗ್ಗೆ ಚರ್ಚೆ ತೀರಾ ಕಮ್ಮಿ.

ಮೊದಲ ನಿಮಿಷಗಳು

ಗಗನಯಾನದ ರಾಕೆಟ್ ಎಲ್‌ವಿಎಂ3. ಅದರ ಎರಡೂ ಪಕ್ಕದಲ್ಲಿ ಎಸ್200 ಅನ್ನುವ ಬೂಸ್ಟರ್‌ಗಳಿವೆ. ಒಂದೊಂದರಲ್ಲೂ ಸುಮಾರು 200 ಟನ್ ಘನ ಇಂಧನ. ದ್ರವ ಇಂಧನದ ಎಂಜಿನ್ ಆದರೆ ವಾಲ್ವ್ ಮುಚ್ಚಿ ನಿಲ್ಲಿಸಬಹುದು. ಘನ ಇಂಧನ ಒಮ್ಮೆ ಹೊತ್ತಿಕೊಂಡರೆ ಮುಗಿಯುವವರೆಗೂ ಉರಿಯುತ್ತದೆ. ಹಾಗಾಗಿ ಏನಾದರೂ ಎಡವಟ್ಟಾದರೆ ಇರುವುದು ಒಂದೇ ದಾರಿ. ಯಾತ್ರಿಗಳು ಕೂತಿರುವ ಕ್ರೂ ಮಾಡ್ಯೂಲನ್ನು ರಾಕೆಟ್ಟಿನಿಂದ ಬಿಡಿಸಿ, ರಾಕೆಟ್ಟಿಗಿಂತ ಜೋರಾಗಿ ದೂರ ಎಳೆದುಕೊಂಡು ಹೋಗಬೇಕು.

ಇದನ್ನು ಇಸ್ರೋ ಹಂತ ಹಂತವಾಗಿ ಪರೀಕ್ಷೆ ಮಾಡುತ್ತಾ ಬಂದಿದೆ. 2018ರ ಜುಲೈ 5ರಂದು ಶ್ರೀಹರಿಕೋಟಾದಲ್ಲಿ ಮೊದಲ ಪರೀಕ್ಷೆ ನಡೆಯಿತು. ರಾಕೆಟ್ ಇನ್ನೂ ನೆಲದಲ್ಲೇ ಇರುವಾಗ ಅನಾಹುತವಾದರೆ ಏನು ಮಾಡಬೇಕು ಅನ್ನುವುದಕ್ಕೆ. ಎಲ್ಲ ಸೇರಿ 259 ಸೆಕೆಂಡಿನ ಕೆಲಸ. 2023ರ ಅಕ್ಟೋಬರ್ 21ರಂದು ಟಿವಿ-ಡಿ1 ಅನ್ನುವ ಪರೀಕ್ಷೆ. ಈ ಸಲ ರಾಕೆಟ್ ಹಾರುತ್ತಿರುವಾಗ, ಶಬ್ದದ ವೇಗವನ್ನೂ ದಾಟಿದ ಮೇಲೆ, ಸುಮಾರು 12 ಕಿ.ಮೀ. ಎತ್ತರದಲ್ಲಿ ಬೇರ್ಪಡಿಸಿ ತೋರಿಸಿದರು. ಅವತ್ತು ಬೆಳಿಗ್ಗೆ ಉಡಾವಣೆಗೆ 5 ಸೆಕೆಂಡ್ ಇರುವಾಗ ಕಂಪ್ಯೂಟರ್ ತಾನಾಗಿಯೇ ಎಲ್ಲವನ್ನೂ ನಿಲ್ಲಿಸಿತ್ತು. ಕಾರಣ ಹುಡುಕಿ, ಸರಿ ಮಾಡಿ, 10 ಗಂಟೆಗೆ ಮತ್ತೆ ಹಾರಿಸಿದರು. ಟಿವಿಯಲ್ಲಿ ನೋಡುತ್ತಿದ್ದವರಿಗೆ ಆ ನಿಲುಗಡೆ ಬೇಜಾರು ತರಿಸಿರಬಹುದು. ನನಗೆ ಆ ದಿನದ ಒಳ್ಳೆಯ ಸುದ್ದಿ ಅಂದರೆ ಅದೇ.

ಎಸ್ಕೇಪ್ ಸಿಸ್ಟಮ್‌ನ ಬೆಲೆ ಗೊತ್ತಾಗಬೇಕಾದರೆ ರಾಕೇಶ್ ಶರ್ಮಾ ಅವರ ಪಕ್ಕದಲ್ಲಿ ಕೂತಿದ್ದವರ ಕಥೆ ಕೇಳಬೇಕು. 1983ರ ಸೆಪ್ಟೆಂಬರ್ 26ರ ರಾತ್ರಿ. ಸೋವಿಯತ್ ಉಡಾವಣಾ ಕೇಂದ್ರ ಬೈಕನೂರಿನಲ್ಲಿ ಸೋಯುಜ್ ರಾಕೆಟ್ ಹೊರಡಲು ಸಿದ್ಧವಾಗಿ ನಿಂತಿತ್ತು. ಒಳಗೆ ವ್ಲಾದಿಮಿರ್ ಟಿಟೋವ್ ಮತ್ತು ಗೆನ್ನಾಡಿ ಸ್ಟ್ರೆಕಲೋವ್. ಹೊರಡಲು ಒಂದೂವರೆ ನಿಮಿಷ ಇದೆ ಅನ್ನುವಾಗ ಬುಡದಲ್ಲಿ ಇಂಧನ ಸೋರಿ ಬೆಂಕಿ ಹತ್ತಿತು. ಅಪಾಯ ಗುರುತಿಸಿ ತಾನಾಗಿಯೇ ಕೆಲಸ ಮಾಡಬೇಕಿದ್ದ ವ್ಯವಸ್ಥೆಯ ವೈರುಗಳೇ ಆ ಬೆಂಕಿಯಲ್ಲಿ ಸುಟ್ಟುಹೋದವು. ಒಳಗಿದ್ದ ಇಬ್ಬರಿಗೆ ಕೆಳಗೆ ಏನಾಗುತ್ತಿದೆ ಅಂತ ಕಾಣುತ್ತಿರಲಿಲ್ಲ. ಕೊನೆಗೆ ಬೇರೆ ಬೇರೆ ಕಡೆ ಕೂತಿದ್ದ ಇಬ್ಬರು ಆಪರೇಟರ್‌ಗಳು ರೇಡಿಯೋ ಮೂಲಕ ಆದೇಶ ಕೊಟ್ಟರು. ಎಸ್ಕೇಪ್ ರಾಕೆಟ್ ಹೊತ್ತಿಕೊಂಡು ಇಬ್ಬರನ್ನೂ ಎಳೆದುಕೊಂಡು ಹೋಯಿತು. ಕೆಲವೇ ಸೆಕೆಂಡಿನಲ್ಲಿ ಕೆಳಗಿನ ರಾಕೆಟ್ ಸಿಡಿಯಿತು. ಇಬ್ಬರೂ ಸುಮಾರು 4 ಕಿ.ಮೀ. ದೂರದಲ್ಲಿ ಜೀವಂತವಾಗಿ ಇಳಿದರು.

ಇದಾಗಿ ಆರು ತಿಂಗಳಿಗೆ, 1984ರ ಏಪ್ರಿಲ್ 3ರಂದು, ಅದೇ ಸ್ಟ್ರೆಕಲೋವ್ ಮತ್ತೆ ಸೋಯುಜ್ ಹತ್ತಿದರು. ಅವರ ಜೊತೆಗೆ ಯೂರಿ ಮಾಲಿಶೆವ್ ಮತ್ತು ನಮ್ಮ ರಾಕೇಶ್ ಶರ್ಮಾ. ಭಾರತದ ಮೊದಲ ಗಗನಯಾತ್ರಿ ಕೂತಿದ್ದು ಬೆಂಕಿಯಿಂದ ಬದುಕಿ ಬಂದವರ ಪಕ್ಕದಲ್ಲಿ. ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕಿತ್ತು.

ಅಮೆರಿಕದ ಶಟಲ್‌ಗೆ ಇಂಥ ವ್ಯವಸ್ಥೆ ಇರಲಿಲ್ಲ. 1986ರ ಜನವರಿ 28ರಂದು ಚಾಲೆಂಜರ್ 73 ಸೆಕೆಂಡಿಗೆ ಚೂರಾಯಿತು. ಚಳಿಗೆ ಬಿರುಸಾಗಿದ್ದ ರಬ್ಬರ್ ಉಂಗುರದಿಂದ ಬೂಸ್ಟರಿನ ಬಿಸಿ ಅನಿಲ ಸೋರಿತ್ತು. ಯಾತ್ರಿಗಳಿದ್ದ ಕ್ಯಾಬಿನ್ ಆ ಕ್ಷಣಕ್ಕೆ ಬಹುಮಟ್ಟಿಗೆ ಇಡಿಯಾಗಿಯೇ ಬೇರ್ಪಟ್ಟಿತ್ತು. ಆಮೇಲೆ ಸಮುದ್ರದಿಂದ ಎತ್ತಿದ ನಾಲ್ಕು ತುರ್ತು ಗಾಳಿ ಪೆಟ್ಟಿಗೆಗಳಲ್ಲಿ ಮೂರನ್ನು ಯಾರೋ ಆನ್ ಮಾಡಿದ್ದರು. ಅಂದರೆ ಒಳಗೆ ಒಂದಿಬ್ಬರಾದರೂ ಸ್ವಲ್ಪ ಹೊತ್ತು ಎಚ್ಚರವಾಗಿದ್ದರು. ಅವರಿಗೆ ಹೊರಬರುವ ದಾರಿಯನ್ನೇ ಯಾರೂ ಮಾಡಿಟ್ಟಿರಲಿಲ್ಲ.

ಎಸ್ಕೇಪ್ ರಾಕೆಟ್ ಇರುವ ತುದಿಯ ಗೋಪುರ, ಅಂದರೆ ಎಸ್ಕೇಪ್ ಟವರ್ ಕೂಡ ಕೊನೆತನಕ ಜೊತೆಗಿರುವುದಿಲ್ಲ. ಒಂದು ಎತ್ತರ ದಾಟಿದ ಮೇಲೆ ಭಾರ ಕಮ್ಮಿ ಮಾಡಲು ಕಳಚಿ ಹಾಕುತ್ತಾರೆ. 2018ರ ಅಕ್ಟೋಬರ್ 11ರಂದು ಸೋಯುಜ್ ಎಂಎಸ್-10ರಲ್ಲಿ ಅಲೆಕ್ಸಿ ಒವ್ಚಿನಿನ್ ಮತ್ತು ನಿಕ್ ಹೇಗ್ ಹೋಗುತ್ತಿದ್ದರು. ಟವರ್ ಕಳಚಿ ಕೆಲವೇ ಸೆಕೆಂಡ್ ಆಗಿತ್ತು. ಪಕ್ಕದ ಬೂಸ್ಟರ್ ಸರಿಯಾಗಿ ಬೇರ್ಪಡದೆ ರಾಕೆಟ್ಟಿಗೇ ಬಡಿಯಿತು. ಆಗ ಕಾಪಾಡಿದ್ದು ಮೇಲಿನ ಕವಚದಲ್ಲಿದ್ದ ಇನ್ನೊಂದು ಜೊತೆ ಸಣ್ಣ ರಾಕೆಟ್‌ಗಳು. ಗಗನಯಾನದಲ್ಲಿ ಟವರ್ ಕಳಚಿದ ಮೇಲೆ ಆ ಹೊಣೆ ಕ್ರೂ ಮಾಡ್ಯೂಲಿನ ಕೆಳಗೆ ಜೋಡಿಸಿರುವ ಎಂಜಿನ್ ಭಾಗ, ಅಂದರೆ ಸರ್ವಿಸ್ ಮಾಡ್ಯೂಲ್ ಮೇಲೆ ಬೀಳುತ್ತದೆ. ಅದರಲ್ಲಿ 440 ನ್ಯೂಟನ್‌ನ ಐದು ಎಂಜಿನ್, 100 ನ್ಯೂಟನ್‌ನ ಹದಿನಾರು ಥ್ರಸ್ಟರ್, ಅಂದರೆ ಸಣ್ಣ ಎಂಜಿನ್ ಇವೆ. ನಿಕ್ ಹೇಗ್ ಅನ್ನುವ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕಕ್ಷೆಯಲ್ಲಿ ಕೆಟ್ಟು ನಿಂತರೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರಿನ ಹತ್ತಿರ ಕಾರು ಕೆಟ್ಟರೆ ಪಕ್ಕಕ್ಕೆ ಹಾಕಿ ಫೋನ್ ಮಾಡುತ್ತೇವೆ, ಮಂಡ್ಯದಿಂದ ಯಾರಾದರೂ ಬರುತ್ತಾರೆ. ಆ ಹುಡುಗಿಯ ಮನಸ್ಸಿನಲ್ಲಿ ಇದ್ದದ್ದೂ ಇಂಥದ್ದೇ ಚಿತ್ರ. ಕಕ್ಷೆಯಲ್ಲಿ ಪಕ್ಕಕ್ಕೆ ಹಾಕಿ ನಿಲ್ಲಿಸುವ ಜಾಗ ಇಲ್ಲ. ನೌಕೆ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಧ್ಯರೇಖೆಗೆ ಒಂದು ನಿರ್ದಿಷ್ಟ ಕೋನದಲ್ಲಿ ಸುತ್ತುತ್ತಿರುತ್ತದೆ. ಬೇರೆ ಕೋನದಲ್ಲಿ ಸುತ್ತುತ್ತಿರುವ ಇನ್ನೊಂದರ ಹತ್ತಿರ ಹೋಗಬೇಕಾದರೆ ಯಾವ ನೌಕೆಯಲ್ಲೂ ಇಲ್ಲದಷ್ಟು ಇಂಧನ ಬೇಕು.

ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಶಟಲ್ 39 ಡಿಗ್ರಿ ಕೋನದಲ್ಲಿ ಸುತ್ತುತ್ತಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕೋನ 51.6 ಡಿಗ್ರಿ. "ಪಕ್ಕದಲ್ಲೇ ನಿಲ್ದಾಣ ಇತ್ತಲ್ಲ, ಅಲ್ಲಿಗೆ ಹೋಗಬಹುದಿತ್ತು ಅಲ್ವಾ?" ಅಂತ ಇವತ್ತಿಗೂ ಕೇಳುತ್ತಾರೆ. ಹೋಗಲು ಆಗುತ್ತಿರಲಿಲ್ಲ.

ಹಾಗಾದರೆ ಕೊಲಂಬಿಯಾದ ಏಳು ಜನರನ್ನು ಉಳಿಸಲು ದಾರಿಯೇ ಇರಲಿಲ್ಲವೇ? ಇತ್ತು ಅನ್ನುವುದೇ ಹೊಟ್ಟೆ ಉರಿಸುವ ವಿಷಯ. 2003ರ ಜನವರಿ 16ರಂದು ಹೊರಟ ಸುಮಾರು 82 ಸೆಕೆಂಡಿಗೆ ಹೊರಗಿನ ಟ್ಯಾಂಕಿನಿಂದ ಕಿತ್ತ ಫೋಮ್ ತುಂಡು ಎಡ ರೆಕ್ಕೆಯ ಅಂಚಿಗೆ ಬಡಿಯಿತು. ಮರುದಿನ ವಿಡಿಯೋ ನೋಡಿದ ಎಂಜಿನಿಯರ್‌ಗಳಿಗೆ ಅನುಮಾನ ಬಂತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಫೋಟೋ ತೆಗೆಸಿಕೊಡಿ ಅಂತ ಮೂರು ಸಲ ಕೋರಿಕೆ ಹೋಯಿತು. ಮೇಲಿನವರು ಒಪ್ಪಲಿಲ್ಲ. ಫೆಬ್ರುವರಿ 1ರಂದು ವಾತಾವರಣಕ್ಕೆ ಮರಳುವಾಗ ರೆಕ್ಕೆಯ ತೂತಿನಿಂದ ಬಿಸಿ ಗಾಳಿ ನುಗ್ಗಿ ನೌಕೆ ಚೂರಾಯಿತು.

ತನಿಖಾ ಮಂಡಳಿ ಆಮೇಲೆ ನಾಸಾಗೆ ಒಂದು ಪ್ರಶ್ನೆ ಹಾಕಿತು. ಮೊದಲ ದಿನಗಳಲ್ಲೇ ಹಾನಿ ಗೊತ್ತಾಗಿದ್ದರೆ ಏನು ಮಾಡಬಹುದಿತ್ತು? ಲೆಕ್ಕ ಹೀಗೆ ಬಂತು. ಅಟ್ಲಾಂಟಿಸ್ ಅನ್ನುವ ಇನ್ನೊಂದು ಶಟಲ್ ಮಾರ್ಚ್ 1ರ ಉಡಾವಣೆಗೆ ಸಿದ್ಧವಾಗುತ್ತಿತ್ತು. ಹಗಲು ರಾತ್ರಿ ದುಡಿದರೆ ಫೆಬ್ರುವರಿ 10ರ ಹೊತ್ತಿಗೆ ಹಾರಿಸಬಹುದಿತ್ತು. ಕೊಲಂಬಿಯಾದ ಏಳು ಜನ ಫೆಬ್ರುವರಿ 15ರವರೆಗೆ ಬದುಕಿರಬಹುದಿತ್ತು. ನಡುವೆ ಐದು ದಿನ ಸಿಗುತ್ತಿತ್ತು. ಅಟ್ಲಾಂಟಿಸ್ ಪಕ್ಕಕ್ಕೆ ಬಂದು, ಸೂಟ್ ಹಾಕಿಸಿ, ಬಾಹ್ಯಾಕಾಶ ನಡಿಗೆಯಲ್ಲಿ ಜನರನ್ನು ದಾಟಿಸಬೇಕಿತ್ತು. ತುಂಬಾ ಕಷ್ಟ, ಆದರೆ ಅಸಾಧ್ಯ ಅಲ್ಲ ಅಂತ ವರದಿ ಹೇಳಿತು. ಅಟ್ಲಾಂಟಿಸ್‌ಗೂ ಅದೇ ಫೋಮ್ ಅಪಾಯ ಇತ್ತು ಅನ್ನುವುದನ್ನೂ ಮರೆಯಬಾರದು. ನಾಲ್ಕು ಜನರ ಜೀವ ಪಣಕ್ಕಿಟ್ಟು ಏಳು ಜನರನ್ನು ತರುವ ತೀರ್ಮಾನ ಅದು.

ಫೆಬ್ರುವರಿ 15 ಯಾಕೆ? ಊಟದ ಊರಿನವರಾದ ನಾವು ಇದನ್ನು ತಿಳಿದಿರಬೇಕು. ಮೊದಲು ಮುಗಿಯುತ್ತಿದ್ದದ್ದು ಊಟ ಅಲ್ಲ, ಆಮ್ಲಜನಕವೂ ಅಲ್ಲ. ನಾವು ಉಸಿರು ಬಿಟ್ಟಾಗ ಬರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು. ಅವು ಮುಗಿದರೆ ಆಮ್ಲಜನಕ ಎಷ್ಟಿದ್ದರೂ ಪ್ರಯೋಜನ ಇಲ್ಲ. ಸುಮ್ಮನೆ ಮಲಗಿ, ಕಮ್ಮಿ ಓಡಾಡಿದರೆ ಡಬ್ಬಿ ಜಾಸ್ತಿ ದಿನ ಬರುತ್ತದೆ. ಮೂವತ್ತು ದಿನದ ಲೆಕ್ಕ ಹಾಗೆ ಹುಟ್ಟಿದ್ದು.

1970ರ ಅಪೊಲೊ 13ರಲ್ಲೂ ಕುತ್ತಿಗೆಗೆ ಬಂದದ್ದು ಇದೇ ಡಬ್ಬಿ. ಆಮ್ಲಜನಕದ ಟ್ಯಾಂಕ್ ಸಿಡಿದ ಮೇಲೆ ಮೂವರು ಚಂದ್ರನ ಮೇಲೆ ಇಳಿಯಲು ಇದ್ದ ಲೂನಾರ್ ಮಾಡ್ಯೂಲ್‌ನಲ್ಲಿ ಆಶ್ರಯ ಪಡೆದರು. ಇಬ್ಬರಿಗಾಗಿ ಮಾಡಿದ್ದ ಜಾಗ ಅದು. ಅಲ್ಲಿನ ಡಬ್ಬಿಗಳು ಸಾಲಲಿಲ್ಲ. ಮುಖ್ಯ ನೌಕೆಯಲ್ಲಿ ಬೇಕಾದಷ್ಟು ಡಬ್ಬಿ ಇದ್ದವು, ಆದರೆ ಅವು ಚೌಕ. ಇಲ್ಲಿನ ತೂತು ದುಂಡು. ಒಂದೇ ಯೋಜನೆಯ ಎರಡು ನೌಕೆಗಳು, ಎರಡು ಕಂಪನಿಗಳು ಮಾಡಿದ್ದವು, ಡಬ್ಬಿಯ ಆಕಾರ ಒಂದೇ ಇರಲಿ ಅಂತ ಯಾರಿಗೂ ಹೊಳೆದಿರಲಿಲ್ಲ. ಪ್ಲಾಸ್ಟಿಕ್ ಚೀಲ, ರಟ್ಟು, ಸೂಟಿನ ಪೈಪು, ಟೇಪು ಸೇರಿಸಿ ಒಂದು ಜೋಡಣೆ ಮಾಡಿಕೊಂಡು ಮೂವರು ಉಸಿರಾಡಿದರು.

ಕಕ್ಷೆಯಲ್ಲಿ ಸಿಕ್ಕಿಕೊಂಡವರ ಎಷ್ಟೋ ಕಥೆಗಳಲ್ಲಿ ಈ ಹೊಂದಿಕೆಯ ವಿಷಯ ಬಂದೇ ಬರುತ್ತದೆ. ಇದರ ಭಾಗ ಅದಕ್ಕೆ ಕೂರುತ್ತದೆಯೇ? ಎರಡನೇ ಪ್ರಶ್ನೆ, ಸಿದ್ಧವಾಗಿ ನಿಂತ ಇನ್ನೊಂದು ನೌಕೆ ಇದೆಯೇ? ಮೇಲೆ ಅನಾಹುತವಾದ ದಿನ ಇವೆರಡಕ್ಕೂ ಉತ್ತರ ಹುಡುಕಲು ಆಗುವುದಿಲ್ಲ. ಎಷ್ಟೋ ವರ್ಷ ಮೊದಲೇ ಡ್ರಾಯಿಂಗ್ ಬೋರ್ಡಿನ ಮೇಲೆ ಅದು ತೀರ್ಮಾನವಾಗಿರುತ್ತದೆ.

ಖಾಲಿ ನೌಕೆ ಕಳಿಸುವುದು

ಇಲ್ಲಿಯವರೆಗೆ ಕೆಲಸ ಮಾಡಿರುವ ಉಪಾಯ ಸಿನಿಮಾದಲ್ಲಿ ತೋರಿಸುವಂಥದ್ದಲ್ಲ. ವೀರರು ಹೋಗಿ ಎಳೆದು ತರುವುದಿಲ್ಲ. ಖಾಲಿ ನೌಕೆ ತಾನಾಗಿಯೇ ಹೋಗಿ ನಿಲ್ದಾಣಕ್ಕೆ ಸೇರಿಕೊಳ್ಳುತ್ತದೆ. ಅಲ್ಲಿಯವರೆಗೆ ಯಾತ್ರಿಗಳು ನಿಲ್ದಾಣದಲ್ಲೇ ಇರುತ್ತಾರೆ.

1979ರಲ್ಲೇ ರಷ್ಯನ್ನರು ಇದನ್ನು ಮಾಡಿದ್ದರು. ಸೋಯುಜ್ 33ರ ಎಂಜಿನ್ ಕೈಕೊಟ್ಟಿದ್ದರಿಂದ ಆ ಮಾದರಿಯ ಮೇಲೆ ಅನುಮಾನ ಬಂತು. ಸಲ್ಯೂಟ್ 6 ನಿಲ್ದಾಣದಲ್ಲಿದ್ದವರಿಗಾಗಿ ಸೋಯುಜ್ 34 ಅನ್ನು ಜನರಿಲ್ಲದೆ ಕಳಿಸಿದರು. 2022ರ ಡಿಸೆಂಬರಿನಲ್ಲಿ ನಿಲ್ದಾಣದಲ್ಲಿ ನಿಂತಿದ್ದ ಸೋಯುಜ್ ಎಂಎಸ್-22ರ ಕೂಲಂಟ್, ಅಂದರೆ ನೌಕೆಯನ್ನು ತಣ್ಣಗಿಡುವ ದ್ರವ ಎಲ್ಲ ಸೋರಿಹೋಯಿತು. ಅದರಲ್ಲಿ ಮೂವರನ್ನು ಇಳಿಸಿದರೆ ಒಳಗಿನ ಬಿಸಿ ಅಪಾಯದ ಮಟ್ಟಕ್ಕೆ ಏರಬಹುದು ಅನ್ನುವ ಭಯ. 2023ರ ಫೆಬ್ರುವರಿ 24ರಂದು ಎಂಎಸ್-23 ಖಾಲಿಯಾಗಿ ಹೋಯಿತು. ಫ್ರಾಂಕ್ ರೂಬಿಯೊ ಮತ್ತು ಇಬ್ಬರು ರಷ್ಯನ್ನರು 371 ದಿನ ಕಳೆದು ಇಳಿದರು.

ನಡುವಿನ ಆ ಎರಡು ತಿಂಗಳಲ್ಲಿ ನಿಲ್ದಾಣಕ್ಕೆ ಬೆಂಕಿ ಬಿದ್ದಿದ್ದರೆ? ಅದಕ್ಕೂ ಒಂದು ವ್ಯವಸ್ಥೆ ಮಾಡಿದ್ದರು. ಸೋಯುಜ್ ಸೀಟಿನೊಳಗೆ ಪ್ರತಿಯೊಬ್ಬರ ಬೆನ್ನಿನ ಅಳತೆಗೆ ಅಚ್ಚು ಹಾಕಿದ ಲೈನರ್ ಇರುತ್ತದೆ. ರೂಬಿಯೊ ಅವರ ಲೈನರನ್ನು ಬಿಚ್ಚಿ, ಪಕ್ಕದಲ್ಲಿದ್ದ ಸ್ಪೇಸ್‌ಎಕ್ಸ್ ಡ್ರ್ಯಾಗನ್ ನೌಕೆಯ ಒಳಗೆ ಕಟ್ಟಿದರು. ತುರ್ತಾದರೆ ಅವರು ಅದರಲ್ಲಿ ಇಳಿಯಬೇಕು. ಸೋಯುಜ್‌ನಲ್ಲಿ ಒಬ್ಬರು ಕಮ್ಮಿಯಾದರೆ ಉಳಿದಿಬ್ಬರಿಗೆ ಬಿಸಿಯೂ ಕಮ್ಮಿ.

ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಕಥೆ ಎಲ್ಲರಿಗೂ ಗೊತ್ತು. 2024ರ ಜೂನ್ 5ರಂದು ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆಯಲ್ಲಿ ನಿಲ್ದಾಣಕ್ಕೆ ಹೋದರು. ಹೀಲಿಯಂ ಸೋರಿತು, ಥ್ರಸ್ಟರ್‌ಗಳು ಕೈಕೊಟ್ಟವು. ಆಗಸ್ಟ್ 24ರಂದು ನಾಸಾ ಅದನ್ನು ಖಾಲಿ ಇಳಿಸುವ ತೀರ್ಮಾನ ಮಾಡಿತು. ಮುಂದಿನ ಡ್ರ್ಯಾಗನ್‌ನಲ್ಲಿ ನಾಲ್ವರ ಬದಲು ಇಬ್ಬರೇ ಹೋದರು, ಎರಡು ಸೀಟು ಖಾಲಿ ಬಿಟ್ಟುಕೊಂಡು. ಆ ನೌಕೆಯ ಕಮಾಂಡರ್ ನಿಕ್ ಹೇಗ್. 2018ರಲ್ಲಿ ಬೂಸ್ಟರ್ ಬಡಿದಾಗ ಬದುಕಿ ಬಂದ ಅದೇ ಹೇಗ್. ಸುನೀತಾ ಮತ್ತು ಬುಚ್ 2025ರ ಮಾರ್ಚ್ 18ರಂದು ಇಳಿದರು.

ಈ ಕಥೆಯಲ್ಲಿ ಪತ್ರಿಕೆಗಳು ಸುಮ್ನೆ ದಾಟಿಹೋದ ಒಂದು ವಿವರ ಇದೆ. ಸ್ಟಾರ್‌ಲೈನರ್‌ಗಾಗಿ ಹೊಲಿದ ಸೂಟುಗಳು ಡ್ರ್ಯಾಗನ್‌ಗೆ ಸೇರುತ್ತಿರಲಿಲ್ಲ. ಎರಡೂ ಅಮೆರಿಕದ ನೌಕೆಗಳೇ, ಎರಡಕ್ಕೂ ದುಡ್ಡು ಕೊಟ್ಟದ್ದು ಒಂದೇ ನಾಸಾ. ಸುನೀತಾ ಅವರಿಗೆ ಆಗುವ ಡ್ರ್ಯಾಗನ್ ಸೂಟು ಮೇಲೆ ಇತ್ತು. ಬುಚ್ ಅವರದ್ದನ್ನು ಹೇಗ್ ಬರುವಾಗ ತರಬೇಕಾಯಿತು. ಅಪೊಲೊ 13ರ ಚೌಕ ಡಬ್ಬಿಗೆ ಆಗಲೇ ಐವತ್ತು ವರ್ಷ ದಾಟಿತ್ತು.

ಚೀನಾದ ಕಥೆ ಇನ್ನೂ ಹೊಸದು. 2025ರ ನವೆಂಬರಿನಲ್ಲಿ ಅವರ ನಿಲ್ದಾಣದಲ್ಲಿದ್ದ ಶೆನ್‌ಝೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು. ಬಾಹ್ಯಾಕಾಶದ ಕಸದ ಚೂರು ಬಡಿದಿರಬೇಕು ಅಂತ ಅಂದಾಜು. ಅದರಲ್ಲಿ ಇಳಿಯಬೇಕಿದ್ದ ಮೂವರು, ಆಗಷ್ಟೇ ಬಂದಿದ್ದವರ ಶೆನ್‌ಝೌ-21ರಲ್ಲಿ ನವೆಂಬರ್ 14ರಂದು ಇಳಿದರು. ಆಗ ಹೊಸದಾಗಿ ಬಂದ ಮೂವರಿಗೆ ಸರಿಯಾದ ವಾಹನವೇ ಇಲ್ಲದಂತಾಯಿತು. ನವೆಂಬರ್ 25ರಂದು ಶೆನ್‌ಝೌ-22 ಖಾಲಿಯಾಗಿ ಹೋಗಿ ನಿಲ್ದಾಣ ಸೇರಿತು. ಹನ್ನೊಂದು ದಿನದಲ್ಲಿ. ಚೀನಾ ಒಂದು ನೌಕೆ ಹೋದಾಗ ಮುಂದಿನ ರಾಕೆಟ್ಟನ್ನೂ ನೌಕೆಯನ್ನೂ ತುರ್ತಿಗೆ ಅಂತ ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ಅದಕ್ಕೇ ಇಷ್ಟು ಬೇಗ ಆಗಿದ್ದು.

ನಮ್ಮ ಗಗನಯಾನಕ್ಕೆ ಇದು ಹೇಗೆ ಅನ್ವಯ?

ಗಗನಯಾನದ ಮೊದಲ ಯಾತ್ರೆ ಯಾವ ನಿಲ್ದಾಣಕ್ಕೂ ಹೋಗುವುದಿಲ್ಲ. ಸುಮಾರು 400 ಕಿ.ಮೀ. ಎತ್ತರದಲ್ಲಿ ಮೂರು ದಿನದವರೆಗೆ ಸುತ್ತಿ ಸಮುದ್ರಕ್ಕೆ ಇಳಿಯುವ ಯೋಜನೆ. ಕಾದು ಕೂರುವ ಜಾಗ ಇಲ್ಲ. ಬೇರೆ ದೇಶದ ನೌಕೆ ಬರಬೇಕೆಂದರೂ ಅದು ಸಿದ್ಧವಾಗಿರಬೇಕು, ಸರಿಯಾದ ಕಕ್ಷೆಗೆ ಹಾರಬೇಕು, ಬಾಗಿಲಿಗೆ ಬಾಗಿಲು ಕೂರಬೇಕು. ಮೂರು ದಿನದಲ್ಲಿ ಇದು ಆಗುವ ಮಾತಲ್ಲ.

ಸಭೆಯಲ್ಲಿ ಒಬ್ಬರು 1968ರ ಅಂತರರಾಷ್ಟ್ರೀಯ ಒಪ್ಪಂದದ ವಿಷಯ ಎತ್ತಿದರು. ಆಪತ್ತಿನಲ್ಲಿರುವ ಗಗನಯಾತ್ರಿಗಳಿಗೆ ದೇಶಗಳು ನೆರವಾಗಬೇಕು ಅನ್ನುವ ಒಪ್ಪಂದ. ಭಾರತವೂ ಅದರಲ್ಲಿದೆ. ಆದರೆ ಅದು ಮುಖ್ಯವಾಗಿ ನೆಲಕ್ಕೋ ಸಮುದ್ರಕ್ಕೋ ಇಳಿದವರ ಬಗ್ಗೆ. ಕಕ್ಷೆಗೆ ನೌಕೆ ಕಳಿಸುವ ಶಕ್ತಿ ಒಪ್ಪಂದದ ಕಾಗದಕ್ಕೆ ಇಲ್ಲ.

ಹಾಗಾಗಿ ಆ ಎಂಜಿನಿಯರ್ ಹೇಳಿದ್ದೇ ಸರಿ. ತಕ್ಷಣ ಇಳಿಯುವುದೇ ಪಾರಾಗುವ ದಾರಿ. ಎಲ್ಲಿ ಇಳಿದರೂ ಹುಡುಕಿ ಎತ್ತಿಕೊಳ್ಳುವುದೇ ರಕ್ಷಣೆ. ಹೀಗೆ ನೋಡಿದರೆ ನೌಕಾಪಡೆಯ ಕೆಲಸ ಕೊನೆಯಲ್ಲಿ ಬರುವ ಒಂದು ಶಾಸ್ತ್ರ ಅಲ್ಲ, ಇಡೀ ಸುರಕ್ಷತೆಯ ಅರ್ಧ ಭಾರ ಅದರ ಮೇಲಿದೆ.

1962ರಲ್ಲಿ ಸ್ಕಾಟ್ ಕಾರ್ಪೆಂಟರ್ ಇಳಿಯಬೇಕಿದ್ದ ಜಾಗಕ್ಕಿಂತ ಸುಮಾರು 400 ಕಿ.ಮೀ. ಆಚೆ ಅಟ್ಲಾಂಟಿಕ್‌ನಲ್ಲಿ ಬಿದ್ದರು. 1965ರಲ್ಲಿ ಲಿಯೊನೊವ್ ಮತ್ತು ಬೆಲ್ಯಾಯೆವ್ ಹಿಮ ತುಂಬಿದ ಕಾಡಿನಲ್ಲಿ ಇಳಿದು ಎರಡು ರಾತ್ರಿ ಕಳೆದರು. ತುರ್ತಿನಲ್ಲಿ ಇಳಿಯುವವರು ನಕ್ಷೆ ನೋಡಿಕೊಂಡು ಇಳಿಯುವುದಿಲ್ಲ.

ಟಿವಿ-ಡಿ1ರ ಕ್ರೂ ಮಾಡ್ಯೂಲ್ ಶ್ರೀಹರಿಕೋಟಾದಿಂದ ಸುಮಾರು 10 ಕಿ.ಮೀ. ದೂರದಲ್ಲೇ ಇಳಿಯಿತು, ನೌಕಾಪಡೆ ಎತ್ತಿ ತಂದಿತು. ಆದರೆ ಅದು ನೀರಿನಲ್ಲಿ ತಲೆಕೆಳಗಾಗಿ ತೇಲುತ್ತಿತ್ತು. ಇದು ನಮ್ಮವರಿಗೆ ಮಾತ್ರ ಆದದ್ದಲ್ಲ, ಅಪೊಲೊ 11 ಕೂಡ ಇಳಿದ ತಕ್ಷಣ ಮಗುಚಿಕೊಂಡಿತ್ತು. ಗಾಳಿ ಚೀಲಗಳು ಉಬ್ಬಿ ಅದನ್ನು ನೆಟ್ಟಗೆ ಮಾಡಿದವು. ಒಳಗೆ ಜನ ಇದ್ದಾಗ ಮಗುಚಿದ ಮಾಡ್ಯೂಲ್ ಅಂದರೆ, ಪಟ್ಟಿಯಲ್ಲಿ ತಲೆಕೆಳಗಾಗಿ ನೇತಾಡುತ್ತಾ, ವಾಂತಿ ಬರುತ್ತಾ, ಆಂಟೆನಾ ನೀರೊಳಗೆ ಮುಳುಗಿ ರೇಡಿಯೋ ಸಿಗದೆ ಕಾಯುವುದು. ಗಾಯವಾಗಿದ್ದರಂತೂ ಹಾಗೆ ಕಾಯುವ ಹೊತ್ತು ಜೀವದ ಪ್ರಶ್ನೆ. 2025ರ ಆಗಸ್ಟ್ 24ರಂದು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು 4.8 ಟನ್ ತೂಕದ ಮಾದರಿಯನ್ನು ಬಿಟ್ಟು ಪ್ಯಾರಾಚೂಟ್ ಪರೀಕ್ಷೆ ಮಾಡಿದರು. ಪ್ಯಾರಾಚೂಟ್‌ಗಳು ಹತ್ತು, ಒಂದರ ಹಿಂದೆ ಒಂದು ಬಿಚ್ಚಿಕೊಳ್ಳಬೇಕು. ಇಂಥ ಪರೀಕ್ಷೆ ಎಷ್ಟು ಮಾಡಿದರೂ ಜಾಸ್ತಿ ಅಲ್ಲ. 2024ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ಜೊತೆ ಮಾಡಿಕೊಂಡ ಒಪ್ಪಂದವೂ ಇದೇ ಸಾಲಿಗೆ ಸೇರುತ್ತದೆ. ರಾಕೆಟ್ ಏರುವಾಗ ತೊಂದರೆಯಾಗಿ ಆ ದೇಶದ ಕಡಲಲ್ಲಿ ಬಿದ್ದರೆ ಅವರು ಹುಡುಕಲು ನೆರವಾಗುತ್ತಾರೆ. ಸುದ್ದಿಯಲ್ಲಿ ಮೂಲೆಗೆ ಬಂದ ಒಪ್ಪಂದ, ಆದರೆ ನನ್ನ ಪ್ರಕಾರ ಆ ವರ್ಷದ ಗಗನಯಾನದ ದೊಡ್ಡ ಸುದ್ದಿಗಳಲ್ಲಿ ಒಂದು.

ದುಡ್ಡಿನ ವಾದ

ಹಿಂದಿನ ಸಾಲಿನ ಹಿರಿಯರೊಬ್ಬರು ನೇರವಾಗಿ ಕೇಳಿದರು. "ಹೋಗೋರೆಲ್ಲ ವಾಯುಪಡೆಯ ಟೆಸ್ಟ್ ಪೈಲಟ್‌ಗಳು. ಅಪಾಯ ಗೊತ್ತಿದ್ದೇ ಹೋಗ್ತಾರೆ. ಒಂದು ರಾಕೆಟ್ಟಿಗೇ ಇಷ್ಟು ಖರ್ಚು, ಇನ್ನೊಂದನ್ನ ಸುಮ್ನೆ ನಿಲ್ಲಿಸಿಕೊಳ್ಳೋಕೆ ಆಗುತ್ತಾ?" ಇದು ತಳ್ಳಿಹಾಕುವ ಪ್ರಶ್ನೆ ಅಲ್ಲ. ಗಗನಯಾನದ ಒಟ್ಟು ಅಂದಾಜು 2024ರ ಸೆಪ್ಟೆಂಬರಿನಲ್ಲಿ 20,193 ಕೋಟಿ ರೂಪಾಯಿಗೆ ಏರಿದೆ.

ಮೊದಲ ಒಂದೆರಡು ಯಾತ್ರೆಗಳ ಮಟ್ಟಿಗೆ ನಾನು ಆ ಹಿರಿಯರ ಮಾತನ್ನು ಒಪ್ಪುತ್ತೇನೆ. ಮೂರು ದಿನದ ಯಾತ್ರೆಗೆ ಎರಡನೇ ರಾಕೆಟ್ ಸಿದ್ಧವಾಗಿ ನಿಲ್ಲಿಸಿದರೂ ಅದು ಹೊತ್ತಿಗೆ ತಲುಪುವುದು ಅನುಮಾನ. ಆ ದುಡ್ಡನ್ನು ಜನರಿಲ್ಲದ ಯಾತ್ರೆಗಳಿಗೆ, ಪ್ಯಾರಾಚೂಟ್ ಪರೀಕ್ಷೆಗಳಿಗೆ, ಸಮುದ್ರದಲ್ಲಿ ಹುಡುಕುವ ಹಡಗು–ಹೆಲಿಕಾಪ್ಟರ್‌ಗಳಿಗೆ ಹಾಕಿದರೆ ಜೀವ ಉಳಿಯುವ ಸಾಧ್ಯತೆ ಜಾಸ್ತಿ.

ಆದರೆ "ಗೊತ್ತಿದ್ದೇ ಹೋಗ್ತಾರೆ" ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಗೊತ್ತಿರಬೇಕಾದರೆ ಹೇಳಿರಬೇಕು. ಕೊಲಂಬಿಯಾದವರಿಗೆ ಫೋಮ್ ಬಡಿದ ಬಗ್ಗೆ ಚಿಂತೆ ಮಾಡಬೇಕಿಲ್ಲ ಅಂತ ಸಂದೇಶ ಹೋಗಿತ್ತು. ನಮ್ಮಲ್ಲಿ 2025ರ ಮೇ 18ರಂದು ಉಪಗ್ರಹ ಹೊತ್ತ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಮೂರನೇ ಹಂತದಲ್ಲಿ ವಿಫಲವಾಯಿತು. ತನಿಖೆಯ ಪೂರ್ತಿ ವರದಿ ಜನರ ಮುಂದೆ ಬರುವ ಮೊದಲೇ 2026ರ ಜನವರಿ 12ರಂದು ಸಿ62 ಹಾರಿತು, ಅದೂ ಮೂರನೇ ಹಂತದ ಕೊನೆಯಲ್ಲೇ ದಾರಿ ತಪ್ಪಿತು. ಗಗನಯಾನದ್ದು ಬೇರೆ ರಾಕೆಟ್, ಎಲ್‌ವಿಎಂ3ರ ದಾಖಲೆ ಚೆನ್ನಾಗಿದೆ. ಆದರೂ ಜನರನ್ನು ಕೂರಿಸುವ ಸಂಸ್ಥೆ ತನ್ನ ಸೋಲಿನ ವರದಿಗಳನ್ನು ಬಿಚ್ಚಿಡುವ ಅಭ್ಯಾಸ ಮಾಡಿಕೊಳ್ಳಲೇಬೇಕು. ಇದೇ ಇಸ್ರೋ 2025ರ ಜೂನಿನಲ್ಲಿ ಶುಭಾಂಶು ಶುಕ್ಲಾ ಹೋಗಬೇಕಿದ್ದ ಫಾಲ್ಕನ್ 9ರಲ್ಲಿ ಆಮ್ಲಜನಕದ ಸೋರಿಕೆ ಇದೆ ಅಂದಾಗ, ಪೂರ್ತಿ ಸರಿ ಮಾಡಿ ಪರೀಕ್ಷಿಸಿದ ಮೇಲೇ ಹಾರಿಸಿ ಅಂತ ಪಟ್ಟು ಹಿಡಿದಿತ್ತು. ಉಡಾವಣೆ ಮುಂದಕ್ಕೆ ಹೋಯಿತು. ಜೂನ್ 25ರಂದು ಶುಕ್ಲಾ ಹೊರಟರು, ಜುಲೈ 15ರಂದು ಸುರಕ್ಷಿತವಾಗಿ ಇಳಿದರು. ಬೇರೆಯವರ ರಾಕೆಟ್ಟಿನ ಮುಂದೆ ತೋರಿಸಿದ ಆ ಗಟ್ಟಿತನ ನಮ್ಮ ರಾಕೆಟ್ಟಿನ ಮುಂದೆಯೂ ಬೇಕು.

ಇನ್ನು ನಿಲ್ದಾಣದ ಮಾತು. ಇಲ್ಲಿ ದುಡ್ಡಿನ ವಾದ ನಿಲ್ಲುವುದಿಲ್ಲ. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಮಾಡ್ಯೂಲನ್ನು 2028ರಲ್ಲಿ ಹಾರಿಸುವ ಗುರಿ ಇದೆ. ಪೂರ್ತಿ ನಿಲ್ದಾಣ 2035ಕ್ಕೆ. ಅಲ್ಲಿ ಜನ ವಾರಗಟ್ಟಲೆ, ತಿಂಗಳುಗಟ್ಟಲೆ ಇರುತ್ತಾರೆ. ಕಸದ ಚೂರು ಬಡಿಯುತ್ತದೆ, ಕೂಲಂಟ್ ಸೋರುತ್ತದೆ, ಯಾರಿಗಾದರೂ ಹುಷಾರು ತಪ್ಪುತ್ತದೆ. 2026ರ ಜನವರಿಯಲ್ಲಿ ನಾಸಾ ಒಬ್ಬರ ಆರೋಗ್ಯದ ಕಾರಣಕ್ಕೆ ಅಂತರರಾಷ್ಟ್ರೀಯ ನಿಲ್ದಾಣದಲ್ಲಿದ್ದ ಕ್ರೂ-11 ತಂಡದ ನಾಲ್ವರನ್ನೂ ಮೊದಲೇ ಕೆಳಗೆ ಕರೆಸಿಕೊಂಡಿತು. ಅವರ ನೌಕೆ ಅಲ್ಲೇ ನಿಂತಿದ್ದರಿಂದ ಅದು ಸಲೀಸಾಗಿ ಆಯಿತು.

ನಮ್ಮ ಕೈಯಲ್ಲಿ ಒಂದು ವಿದ್ಯೆ ಆಗಲೇ ಬಂದಿದೆ. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಪುಟ್ಟ ಉಪಗ್ರಹಗಳು ಕಕ್ಷೆಯಲ್ಲಿ ತಾವಾಗಿಯೇ ಸೇರಿಕೊಂಡವು. ಅದನ್ನು ನಿಲ್ದಾಣ ಕಟ್ಟುವ ವಿದ್ಯೆ ಅಂತ ಎಲ್ಲರೂ ಬರೆದರು. ಖಾಲಿ ನೌಕೆ ಕಳಿಸಿ ಜನರನ್ನು ತರುವ ವಿದ್ಯೆಯೂ ಅದೇ. ಅದೇ ದಿನ ಕೇಂದ್ರ ಸಂಪುಟ ಶ್ರೀಹರಿಕೋಟಾದಲ್ಲಿ ಮೂರನೇ ಉಡಾವಣಾ ವೇದಿಕೆಗೆ 3,984.86 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. 2009ರ ಮೇನಲ್ಲಿ ಹಬಲ್ ದೂರದರ್ಶಕ ರಿಪೇರಿಗೆ ಅಟ್ಲಾಂಟಿಸ್ ಹೊರಟಾಗ ಪಕ್ಕದ ವೇದಿಕೆಯಲ್ಲಿ ಎಂಡೆವರ್ ರಕ್ಷಣೆಗೆ ಅಂತಲೇ ನಿಂತಿತ್ತು. ಕೊಲಂಬಿಯಾದಿಂದ ಕಲಿತ ಪಾಠ ಅದು. 1973ರಲ್ಲಿ ಸ್ಕೈಲ್ಯಾಬ್‌ಗೆ ಹೋದ ಅಪೊಲೊ ನೌಕೆಯ ಥ್ರಸ್ಟರ್ ಸೋರಿದಾಗಲೂ ನಾಸಾ ಇನ್ನೊಂದು ಅಪೊಲೊದೊಳಗೆ ಐದು ಸೀಟು ಕೂರಿಸಿ ಸಿದ್ಧ ಮಾಡಿತ್ತು. ಇಬ್ಬರು ಹೋಗಿ ಐವರು ಬರಲಿ ಅಂತ. ಎರಡೂ ಸಲ ಅವುಗಳ ಅಗತ್ಯ ಬೀಳಲಿಲ್ಲ.

ನಮ್ಮ ನಿಲ್ದಾಣದ ಲೆಕ್ಕಪತ್ರದಲ್ಲಿ ಹಾಗಾಗಿ ಕೆಲವು ಬಾಬ್ತುಗಳು ಈಗಲೇ ಕಾಣಬೇಕು. ಮೊದಲ ಮಾಡ್ಯೂಲಿಗೇ ಎರಡು ಡಾಕಿಂಗ್ ಬಾಗಿಲು, ಕೆಟ್ಟ ನೌಕೆ ಒಂದರಲ್ಲಿ ನಿಂತಿದ್ದರೂ ಇನ್ನೊಂದು ಬಂದು ಸೇರುವಂತೆ. ಆ ಬಾಗಿಲಿನ ಅಳತೆ ಬೇರೆ ದೇಶಗಳು ಒಪ್ಪಿರುವ ಅಂತರರಾಷ್ಟ್ರೀಯ ಮಾದರಿಯದ್ದೇ ಆಗಿರಲಿ, ಕಷ್ಟಕ್ಕೆ ಯಾರ ನೌಕೆ ಬಂದರೂ ಕೂರಲಿ. ಸೂಟಿನ ಪೈಪು, ಗಾಳಿ ಶುದ್ಧ ಮಾಡುವ ಡಬ್ಬಿ ನಮ್ಮ ಎಲ್ಲ ನೌಕೆಗಳಿಗೂ ಒಂದೇ ಅಳತೆಯದ್ದಾಗಿರಲಿ. ಜನ ಮೇಲಿರುವಷ್ಟು ದಿನ ಒಂದು ಎಲ್‌ವಿಎಂ3 ಮತ್ತು ಒಂದು ಖಾಲಿ ಕ್ರೂ ಮಾಡ್ಯೂಲ್ ಇಂತಿಷ್ಟು ದಿನದಲ್ಲಿ ಹಾರಲು ಸಿದ್ಧ ಅಂತ ಬರವಣಿಗೆಯಲ್ಲಿ ಇರಲಿ. ಆ ದಿನಗಳ ಸಂಖ್ಯೆ ನಿಲ್ದಾಣದಲ್ಲಿ ಇಟ್ಟಿರುವ ಡಬ್ಬಿಗಳು ಎಷ್ಟು ದಿನ ಬರುತ್ತವೋ ಅದಕ್ಕಿಂತ ಕಮ್ಮಿ ಇರಬೇಕು. ಮೊದಲ ಮಾಡ್ಯೂಲಿನ ಬಾಗಿಲುಗಳ ಡ್ರಾಯಿಂಗ್‌ಗೆ ಸಹಿ ಬೀಳುವ ಮೊದಲೇ ಸಂಸತ್ತಿನಲ್ಲಿ ಯಾರಾದರೂ ಎದ್ದು ಈ ಸಂಖ್ಯೆ ಎಷ್ಟು ಅಂತ ಕೇಳಬೇಕು. ಮೈಸೂರು, ಮಂಡ್ಯದಿಂದ ಆರಿಸಿ ಹೋದವರೂ ಕೇಳಬಹುದು.